ಅನುಮಾನವೆಂಬ ಪ್ರಮಾಣ

ಕನ್ನಡದಲ್ಲಿ ‘ಅನುಮಾನ’ ಎಂಬ ಪದ ಎರಡು ಮನೆಗಳಲ್ಲಿ ಬಾಳುತ್ತದೆ. ನ್ಯಾಯಶಾಸ್ತ್ರದವರ ಮನೆಯಲ್ಲಿ ಅದೊಂದು ಪ್ರಮಾಣ, ಅರಿವಿನ ಸಾಧನ. ಬೆಟ್ಟದ ಮೇಲೆ ಹೊಗೆಯನ್ನು ಕಂಡವನು ಅಲ್ಲಿ ಬೆಂಕಿಯಿದೆ ಎಂದು ತಿಳಿಯುತ್ತಾನೆ. ಹೊಗೆಯಿದ್ದಲ್ಲೆಲ್ಲ ಬೆಂಕಿ ಇರುವುದನ್ನು ಅಡುಗೆಮನೆಯ ಒಲೆಯಲ್ಲಿ ಅವನು ಮತ್ತೆ ಮತ್ತೆ ಕಂಡಿದ್ದಾನೆ. ಈ ತಪ್ಪದ ನಂಟನ್ನು ತಾರ್ಕಿಕರು ವ್ಯಾಪ್ತಿ ಎಂದು ಕರೆದರು. ಅಂಥ ನಂಟಿಲ್ಲದ ಕಡೆ ಮುಂದೊಡ್ಡುವ ಕಾರಣವನ್ನು ಹೇತ್ವಾಭಾಸ ಎಂದರು; ಕಾರಣದ ವೇಷ ತೊಟ್ಟ ಸುಳ್ಳು ಕಾರಣ ಅದು. ದಿನಬಳಕೆಯ ಮಾತಿನಲ್ಲಾದರೋ ಅನುಮಾನವೆಂದರೆ ಬರಿಯ ಸಂಶಯ. ಅದಕ್ಕೆ ಹೊಗೆಯೂ ಬೇಡ, ಒಲೆಯೂ ಬೇಡ.

ಪೊಲೀಸನೊಬ್ಬ ಬೀದಿಯಲ್ಲಿ ನಡೆದುಹೋಗುವವನನ್ನು ತಡೆದು, ಕೈಯೆತ್ತಿಸಿ, ಮೈ ತಡವಿ ನೋಡುತ್ತಾನೆ. ಅವನನ್ನು ನಡೆಸುವುದು ಈ ಎರಡರಲ್ಲಿ ಯಾವ ಅನುಮಾನ? ‘ಸ್ಟಾಪ್ ಅಂಡ್ ಫ್ರಿಸ್ಕ್’ ಎಂದು ಅಮೆರಿಕದಲ್ಲಿ ಹೆಸರಾದ ಈ ತಡೆ-ತಪಾಸಣೆಯ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ಸುತ್ತಿದೆ. ಅದು ದೂರದ ದೇಶದ ಕಥೆ ಎಂದು ನಾವು ಪಕ್ಕಕ್ಕಿಡುವಂತಿಲ್ಲ. ಏಕೆಂಬುದನ್ನು ಕೊನೆಯಲ್ಲಿ ನೋಡೋಣ.

1963ರ ಅಕ್ಟೋಬರ್ 31ರ ಮಧ್ಯಾಹ್ನ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ಯೂಕ್ಲಿಡ್ ಅವೆನ್ಯೂ ಎಂಬ ಬೀದಿಯಲ್ಲಿ ಮಾರ್ಟಿನ್ ಮೆಕ್‌ಫ್ಯಾಡನ್ ಎಂಬ ಪತ್ತೇದಾರ ಸಾದಾ ಉಡುಪಿನಲ್ಲಿ ಅಡ್ಡಾಡುತ್ತಿದ್ದ. ಪೊಲೀಸ್ ಕೆಲಸದಲ್ಲಿ ಅವನಿಗೆ 39 ವರ್ಷಗಳ ಅನುಭವ. ಜಾನ್ ಟೆರಿ, ರಿಚರ್ಡ್ ಚಿಲ್ಟನ್ ಎಂಬ ಇಬ್ಬರು ಕಪ್ಪು ಜನರು ಸರದಿಯ ಮೇಲೆ ಒಂದು ಅಂಗಡಿಯ ತನಕ ನಡೆದುಹೋಗಿ, ಕಿಟಕಿಯಲ್ಲಿ ಇಣುಕಿ, ಮರಳಿ ಬಂದು ಪಿಸುಗುಟ್ಟುವುದನ್ನು ಅವನು ಕಂಡ. ಹೀಗೆ ಸುಮಾರು ಹನ್ನೆರಡು ಸಲ ನಡೆಯಿತು. ಆಮೇಲೆ ಬಿಳಿಯನೊಬ್ಬ ಅವರ ಜೊತೆ ಮಾತಾಡಿದ. ಇವರು ದರೋಡೆಗೆ ಹೊಂಚುತ್ತಿದ್ದಾರೆಂದು ಬಗೆದ ಮೆಕ್‌ಫ್ಯಾಡನ್ ಹತ್ತಿರ ಹೋಗಿ ಹೆಸರು ಕೇಳಿದ. ಸರಿಯಾದ ಉತ್ತರ ಬಾರದಿದ್ದಾಗ ಟೆರಿಯನ್ನು ತಿರುಗಿಸಿ ಮೈ ತಡವಿದ. ಟೆರಿಯ ಕೋಟಿನಲ್ಲೂ ಚಿಲ್ಟನ್‌ನ ಕೋಟಿನಲ್ಲೂ ಪಿಸ್ತೂಲುಗಳು ಸಿಕ್ಕವು.

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ನಾಲ್ಕನೆಯ ತಿದ್ದುಪಡಿ, ಸಕಾರಣವಿಲ್ಲದ ಶೋಧನೆ ಮತ್ತು ವಶಗಳಿಂದ ಜನರಿಗೆ ರಕ್ಷಣೆ ನೀಡುತ್ತದೆ. ಒಬ್ಬನು ಅಪರಾಧ ಮಾಡಿದ್ದಾನೆಂದು ನಂಬಲು ಗಟ್ಟಿಯಾದ ಆಧಾರವಿಲ್ಲದೆ ಅವನನ್ನು ಬಂಧಿಸುವಂತಿಲ್ಲ, ಶೋಧಿಸುವಂತಿಲ್ಲ ಎಂಬುದು ಅಲ್ಲಿಯವರೆಗಿನ ಸ್ಥೂಲ ನಿಯಮ. ಮೆಕ್‌ಫ್ಯಾಡನ್ ಬಳಿ ಅಷ್ಟು ಆಧಾರವಿರಲಿಲ್ಲ. 1968ರ ಜೂನ್ 10ರಂದು ಸರ್ವೋಚ್ಚ ನ್ಯಾಯಾಲಯವು ಎಂಟು ಮತಗಳಿಗೆ ಒಂದು ಮತದಂತೆ ಟೆರಿಯ ವಿರುದ್ಧ ತೀರ್ಪು ಕೊಟ್ಟಿತು. ಬಂಧನಕ್ಕೆ ಬೇಕಾದಷ್ಟು ಆಧಾರ ಇಲ್ಲದಿದ್ದರೂ, ಅಪರಾಧ ನಡೆಯಲಿದೆಯೆಂಬ ‘ಸಕಾರಣ ಅನುಮಾನ’ವಿದ್ದರೆ ಪೊಲೀಸರು ಒಬ್ಬನನ್ನು ಸ್ವಲ್ಪ ಹೊತ್ತು ತಡೆಯಬಹುದು; ಅವನ ಬಳಿ ಆಯುಧವಿದೆಯೆಂದು ಶಂಕಿಸಲು ಕಾರಣವಿದ್ದರೆ ಬಟ್ಟೆಯ ಮೇಲಿನಿಂದ ತಡವಬಹುದು. ಆದರೆ ಅನುಮಾನಕ್ಕೆ ಬೆರಳಿಟ್ಟು ತೋರಿಸಬಲ್ಲ ಸಂಗತಿಗಳ ಬುನಾದಿ ಇರಬೇಕು; ಬರಿಯ ಅಂತರಂಗದ ಅನಿಸಿಕೆ ಸಾಲದು. ವ್ಯಾಪ್ತಿಯನ್ನು ತೋರಿಸು, ಆಮೇಲೆ ಕೈಯಿಡು ಎಂದಂತೆ ಇದು.

ಈ ಮೊಕದ್ದಮೆಯಲ್ಲಿ ಟೆರಿಯ ಪರ ವಾದಿಸಿದವರು ಲೂಯಿ ಸ್ಟೋಕ್ಸ್ ಎಂಬ ಕಪ್ಪು ವಕೀಲರು. ಅದೇ ವರ್ಷ ಅವರು ಓಹಾಯೊದಿಂದ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಸದಸ್ಯರಾದರು. ಸರ್ವೋಚ್ಚ ನ್ಯಾಯಾಲಯದ ಮೊದಲ ಕಪ್ಪು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಬಹುಮತದ ಜೊತೆಗಿದ್ದರು. ಭಿನ್ನಮತ ಬರೆದವರು ಬಿಳಿಯರಾದ ವಿಲಿಯಂ ಡಗ್ಲಸ್ ಒಬ್ಬರೇ. ನ್ಯಾಯಾಧೀಶನಿಗೂ ಇಲ್ಲದ ಅಧಿಕಾರವನ್ನು ಬೀದಿಯ ಪೊಲೀಸನಿಗೆ ಕೊಟ್ಟಂತಾಯಿತು ಎಂಬುದು ಅವರ ಆಕ್ಷೇಪ. ಆದ್ದರಿಂದ ಈ ತೀರ್ಪನ್ನು ಬಿಳಿಯರು ಕರಿಯರ ಮೇಲೆ ಹೇರಿದ ಸಂಚು ಎಂದು ಸರಳವಾಗಿ ಓದಲಾಗದು.

ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್, ಅಲ್ಪಸಂಖ್ಯಾತರು, ಅದರಲ್ಲೂ ಕಪ್ಪು ಜನರು, ಪೊಲೀಸರ ಕಿರುಕುಳದ ಬಗ್ಗೆ ಮೇಲಿಂದ ಮೇಲೆ ದೂರುತ್ತಿರುವುದನ್ನು ಒಪ್ಪಿಕೊಂಡರು. ಆದರೆ ನ್ಯಾಯಾಲಯದ ಕೈಯಲ್ಲಿದ್ದ ಅಸ್ತ್ರ ಒಂದೇ: ಅಕ್ರಮವಾಗಿ ಪಡೆದ ಸಾಕ್ಷ್ಯವನ್ನು ವಿಚಾರಣೆಯಲ್ಲಿ ತಳ್ಳಿಹಾಕುವುದು. ಮೊಕದ್ದಮೆ ಹೂಡುವ ಉದ್ದೇಶವೇ ಇಲ್ಲದೆ ಕಾಡಿಸುವ ಪೊಲೀಸನನ್ನು ಆ ಅಸ್ತ್ರ ತಾಕುವುದಿಲ್ಲ ಎಂದು ಅವರೇ ಬರೆದರು. ಇಲ್ಲಿದೆ ಮುಂದಿನ ಅರ್ಧ ಶತಮಾನದ ಬೀಜ. ನ್ಯಾಯಾಲಯದ ಮೆಟ್ಟಿಲೇರುವುದು ಪಿಸ್ತೂಲು ಸಿಕ್ಕವನ ಮೊಕದ್ದಮೆ. ಜೇಬಿನಲ್ಲಿ ಕರವಸ್ತ್ರ ಮಾತ್ರ ಇದ್ದವನು ಅಂಗಿ ಸರಿಮಾಡಿಕೊಂಡು ಮನೆಗೆ ಹೋಗುತ್ತಾನೆ. ಕಾನೂನಿನ ಕಣ್ಣಿಗೆ ಬೀಳುವ ಅನುಮಾನವೆಲ್ಲ ನಿಜವಾದ ಅನುಮಾನವೇ. ಸುಳ್ಳಾದ ಅನುಮಾನಗಳಿಗೆ ಕಡತವಿಲ್ಲ.

ಟೆರಿ ತೀರ್ಪಿನಿಂದ ಈ ಕಥೆ ಮೊದಲಾಗುವುದಿಲ್ಲ. ದಕ್ಷಿಣ ಕ್ಯಾರೊಲೈನಾದಲ್ಲಿ 1704ರಷ್ಟು ಹಿಂದೆಯೇ ಗುಲಾಮರ ಮೇಲೆ ಕಣ್ಣಿಡುವ ಗಸ್ತು ಪಡೆಗಳು ಏರ್ಪಟ್ಟವು. ತೋಟದ ಹೊರಗೆ ಕಂಡ ಗುಲಾಮನನ್ನು ತಡೆದು, ಒಡೆಯನ ಸಹಿಯಿರುವ ರಹದಾರಿ ಚೀಟಿ ಕೇಳುವುದು ಆ ಪಡೆಗಳ ಕೆಲಸ. ಚೀಟಿ ಇಲ್ಲದವನಿಗೆ ಛಡಿಯೇಟು. ಉತ್ತರವೇನೂ ಹಿಂದುಳಿದಿರಲಿಲ್ಲ. ನ್ಯೂಯಾರ್ಕ್ ನಗರದ 1713ರ ಕಾಯಿದೆಯ ಪ್ರಕಾರ, ಹದಿನಾಲ್ಕು ವರ್ಷ ಮೀರಿದ ಗುಲಾಮರು ಕತ್ತಲಾದ ಮೇಲೆ ಉರಿಯುವ ದೀಪವಿಲ್ಲದೆ ಒಬ್ಬೊಬ್ಬರೇ ಬೀದಿಗಿಳಿಯುವಂತಿರಲಿಲ್ಲ. ಆ ದೀಪ ಹಿಡಿದವನಿಗೆ ದಾರಿ ತೋರಿಸಲೆಂದು ಇದ್ದುದಲ್ಲ. ಹಿಡಿದವನನ್ನು ಇತರರಿಗೆ ತೋರಿಸಲೆಂದು ಇದ್ದುದು.

1865ರಲ್ಲಿ ಗುಲಾಮಗಿರಿ ರದ್ದಾಯಿತು. ಅದೇ ವರ್ಷದ ಕೊನೆಗೆ ಮಿಸಿಸಿಪ್ಪಿ ರಾಜ್ಯ ಅಲೆಮಾರಿತನದ ವಿರುದ್ಧ ಕಾಯಿದೆ ಮಾಡಿತು. ನೆರೆಯ ರಾಜ್ಯಗಳೂ ಹಿಂಬಾಲಿಸಿದವು. ಕೆಲಸದ ಕರಾರುಪತ್ರ ತೋರಿಸಲಾಗದ ಕಪ್ಪು ಮನುಷ್ಯ ಅಲೆಮಾರಿ, ಅಲೆಮಾರಿಗೆ ದಂಡ, ದಂಡ ಕಟ್ಟಲಾಗದಿದ್ದರೆ ದಂಡ ತೆತ್ತವನ ಹೊಲದಲ್ಲಿ ದುಡಿತ. ಒಡೆಯನ ರಹದಾರಿ ಹೋಗಿ ಧಣಿಯ ಕರಾರು ಬಂತು. ಬೀದಿಯಲ್ಲಿ ಕೇಳುವ ಪ್ರಶ್ನೆ ಬದಲಾಗಲಿಲ್ಲ. ಅಸ್ಪಷ್ಟವಾದ ಇಂಥ ಅಲೆಮಾರಿ ಕಾನೂನುಗಳನ್ನು ಸರ್ವೋಚ್ಚ ನ್ಯಾಯಾಲಯ ಹೊಡೆದುಹಾಕಿದ್ದು 1972ರಲ್ಲಿ, ಫ್ಲಾರಿಡಾದ ಜಾಕ್ಸನ್‌ವಿಲ್ ನಗರದ ಮೊಕದ್ದಮೆಯಲ್ಲಿ. ಆ ತೀರ್ಪನ್ನು ಬರೆದವರು ಅದೇ ಡಗ್ಲಸ್. ಒಂದು ಬಾಗಿಲನ್ನು ಅವರು ಮುಚ್ಚಿದರು; ಆದರೆ ಅವರೊಬ್ಬರೇ ವಿರೋಧಿಸಿದ್ದ ಇನ್ನೊಂದು ಬಾಗಿಲು ನಾಲ್ಕು ವರ್ಷಗಳ ಹಿಂದೆಯೇ ತೆರೆದಾಗಿತ್ತು.

ಇಲ್ಲಿ ನಮ್ಮ ಕರಾವಳಿಯ ಮಗಳೊಬ್ಬರನ್ನು ನೆನೆಯಬೇಕು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1941ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ರೈಲಿನಲ್ಲಿ ಪಯಣಿಸುತ್ತಿದ್ದರು. ಲೂಸಿಯಾನಾದಲ್ಲಿ ಟಿಕೆಟ್ ತಪಾಸಣೆಯವನು ಬಂದು ಬಿಳಿಯರ ಡಬ್ಬಿಯಿಂದ ಏಳುವಂತೆ ಹೇಳಿದ. ಅವರು ಏಳಲಿಲ್ಲ. ಇವರು ಅಮೆರಿಕದ ಕಪ್ಪು ಹೆಂಗಸಲ್ಲವೆಂಬ ಸುಳಿವು ಹತ್ತಿದಾಗ ಅವನು ಮೆತ್ತಗಾಗಿ, ಯಾವ ದೇಶದವರು ಎಂದು ವಿಚಾರಿಸಿದ. ಭಾರತದವಳು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ವಿನಾಯಿತಿಯನ್ನು ಕಮಲಾದೇವಿ ಬೇಡವೆಂದರು. ತಾನೂ ಬಣ್ಣದ ಹೆಂಗಸೇ, ಏಳುವ ಇರಾದೆಯಿಲ್ಲ ಎಂದು ಕೂತರು. ಅವನು ಕೊನೆಗೆ ಸುಮ್ಮನಾದ. ಅನುಮಾನದ ಬಲೆಯಿಂದ ತಾನೊಬ್ಬಳು ನುಸುಳಿಕೊಳ್ಳುವುದು ಬಿಡುಗಡೆಯಲ್ಲ ಎಂಬ ಅರಿವು ಆ ನಡೆಯಲ್ಲಿದೆ. ವಿದೇಶದಲ್ಲಿ ತಮ್ಮನ್ನು ‘ಅವರಂತಲ್ಲ’ ಎಂದು ಪ್ರತ್ಯೇಕಿಸಿಕೊಳ್ಳಲು ತವಕಿಸುವ ನಮ್ಮವರು ಇದನ್ನು ಮರೆಯಬಾರದು.

ನ್ಯೂಯಾರ್ಕ್ ರಾಜ್ಯ ತಡೆ-ತಪಾಸಣೆಯ ಕಾಯಿದೆಯನ್ನು 1964ರಲ್ಲಿ, ಟೆರಿ ತೀರ್ಪಿಗೂ ಮೊದಲೇ, ಮಾಡಿಕೊಂಡಿತ್ತು. ಆದರೆ ಅದು ಒಂದು ಬೃಹತ್ ಯಂತ್ರವಾಗಿ ಬೆಳೆದದ್ದು 1990ರ ದಶಕದ ನಂತರ. ಆ ದಶಕದ ಮೊದಲಲ್ಲಿ ನಗರದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕೊಲೆಗಳಾಗುತ್ತಿದ್ದವು. ಒಡೆದ ಕಿಟಕಿಯನ್ನು ಹಾಗೆಯೇ ಬಿಟ್ಟರೆ ಬೀದಿಯೇ ಕೆಡುತ್ತದೆ, ಸಣ್ಣ ಅಶಿಸ್ತನ್ನು ಹತ್ತಿಕ್ಕಿದರೆ ದೊಡ್ಡ ಅಪರಾಧ ನಿಲ್ಲುತ್ತದೆ ಎಂಬ ಸಿದ್ಧಾಂತವನ್ನು ಜೇಮ್ಸ್ ವಿಲ್ಸನ್ ಮತ್ತು ಜಾರ್ಜ್ ಕೆಲ್ಲಿಂಗ್ 1982ರಲ್ಲಿ ಮುಂದಿಟ್ಟಿದ್ದರು. 1994ರಿಂದ ಪ್ರತಿ ಠಾಣೆಯ ಅಂಕಿಗಳನ್ನು ಮೇಲಧಿಕಾರಿಗಳು ಒಟ್ಟಿಗೆ ಕೂತು ಪರಿಶೀಲಿಸುವ ಕಾಂಪ್‌ಸ್ಟಾಟ್ ವ್ಯವಸ್ಥೆ ಬಂತು.

1999ರ ಫೆಬ್ರವರಿ 4ರಂದು ಬ್ರಾಂಕ್ಸ್‌ನಲ್ಲಿ ಗಿನಿ ದೇಶದಿಂದ ಬಂದಿದ್ದ 23 ವರ್ಷದ ಅಮದು ಡಿಯಾಲೊ ತನ್ನ ಮನೆಯ ಬಾಗಿಲಲ್ಲೇ ಸಾದಾ ಉಡುಪಿನ ನಾಲ್ವರು ಪೊಲೀಸರ ಗುಂಡಿಗೆ ಬಲಿಯಾದ. ಹಾರಿದ ಗುಂಡುಗಳು 41. ಅವನ ಕೈಯಲ್ಲಿ ಪಿಸ್ತೂಲು ಇರಲಿಲ್ಲ, ಕೈಚೀಲವಿತ್ತು. ಪೊಲೀಸರು ಮರುವರ್ಷ ಖುಲಾಸೆಯಾದರು. ಆದರೆ ಆ ಸಾವಿನ ನಂತರ ನಗರ ಎಣಿಸತೊಡಗಿತು. ರಾಜ್ಯದ ಅಟಾರ್ನಿ ಜನರಲ್ ಕಚೇರಿ ಸುಮಾರು 1,75,000 ತಡೆ-ತಪಾಸಣೆಗಳ ನಮೂನೆಗಳನ್ನು ಜಾಲಾಡಿ, ಆಯಾ ಪ್ರದೇಶದ ಅಪರಾಧ ಪ್ರಮಾಣವನ್ನು ಗಣನೆಗೆ ತೆಗೆದುಕೊಂಡರೂ ಕಪ್ಪು ಜನರನ್ನು ಹೆಚ್ಚಾಗಿ ತಡೆಯಲಾಗುತ್ತಿದೆ ಎಂದು ವರದಿ ಮಾಡಿತು. ತಡೆದವರ ಲೆಕ್ಕವನ್ನು ಪೊಲೀಸ್ ಇಲಾಖೆ ನಿಯತವಾಗಿ ಒಪ್ಪಿಸಬೇಕೆಂದು 2001ರಲ್ಲಿ ನಗರಸಭೆ ಕಾನೂನು ಮಾಡಿತು.

ಆ ಲೆಕ್ಕದ ಮೂಲವೇ ‘ಯುಎಫ್-250’ ಎಂಬ ನಮೂನೆ. ನಮೂನೆಗಳನ್ನು ತುಂಬುವುದರಲ್ಲೂ ತುಂಬಿಸುವುದರಲ್ಲೂ ಆಯುಷ್ಯ ಸವೆಸುವ ನಮ್ಮಂಥ ಸರ್ಕಾರಿ ನೌಕರರಿಗೆ ಅದರ ಮರ್ಮ ಬೇಗ ತಿಳಿದೀತು. ತಡೆದದ್ದೇಕೆ ಎಂಬ ಪ್ರಶ್ನೆಯ ಎದುರು ಸಿದ್ಧ ಉತ್ತರಗಳ ಚೌಕಗಳಿದ್ದವು. ಪೊಲೀಸನು ಗುರುತು ಹಾಕಿದರೆ ಸಾಕು. ‘ಹೆಚ್ಚು ಅಪರಾಧಗಳ ಪ್ರದೇಶ’ ಎಂಬ ಚೌಕಕ್ಕೆ ಶೇ. 55ರಷ್ಟು ನಮೂನೆಗಳಲ್ಲಿ ಗುರುತು ಬಿತ್ತು. ‘ಕಳ್ಳ ಚಲನವಲನ’ ಎಂಬುದಕ್ಕೆ ಶೇ. 42ರಷ್ಟರಲ್ಲಿ. ಕಳ್ಳ ಚಲನವಲನವೆಂದರೇನು? ಬೇಗ ನಡೆದರೂ ಅದೇ, ನಿಧಾನಿಸಿದರೂ ಅದೇ, ಪೊಲೀಸನನ್ನು ದಿಟ್ಟಿಸಿದರೂ ಅದೇ, ಮುಖ ತಿರುಗಿಸಿದರೂ ಅದೇ. ಬೆರಳಿಟ್ಟು ತೋರಿಸಬಲ್ಲ ಸಂಗತಿ ಬೇಕು ಎಂದಿತ್ತು 1968ರ ತೀರ್ಪು. ಬೆರಳಿಡಲು ಒಂದು ಚೌಕ ಒದಗಿಸಿತು ನಮೂನೆ. ಮೇಲಿನಿಂದ ಅಂಕಿಗಳ ಒತ್ತಡವಿದ್ದಾಗ ನಮೂನೆ ತುಂಬುವುದೇ ಕೆಲಸವಾಗುತ್ತದೆ. ಕೆಲಸಕ್ಕೆ ತಕ್ಕಂತೆ ಕಾರಣ ಹುಟ್ಟುತ್ತದೆ.

2011ರಲ್ಲಿ ಒಂದೇ ವರ್ಷ 6,85,000ಕ್ಕೂ ಹೆಚ್ಚು ತಡೆಗಳು ದಾಖಲಾದವು. 2012ರ ಜೂನ್ 17ರಂದು, ಅಪ್ಪಂದಿರ ದಿನ, ಸಹಸ್ರಾರು ಜನ ಹಾರ್ಲೆಮ್‌ನಿಂದ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಅವರ ಮನೆಯತ್ತ ಒಂದು ಘೋಷಣೆಯನ್ನೂ ಕೂಗದೆ ಮೌನವಾಗಿ ನಡೆದರು. ಮರುವರ್ಷ, 2008ರಲ್ಲೇ ಹೂಡಲಾಗಿದ್ದ ಫ್ಲಾಯ್ಡ್ ಮೊಕದ್ದಮೆ ವಿಚಾರಣೆಗೆ ಬಂತು. ಅದರ ಮೊದಲ ವಾದಿ ಡೇವಿಡ್ ಫ್ಲಾಯ್ಡ್ ಒಬ್ಬ ಕಪ್ಪು ಯುವಕ. ಟೆರಿಯ ಹಾಗೆ ಅವನ ಬಳಿ ಏನೂ ಸಿಕ್ಕಿರಲಿಲ್ಲ. ಬರಿಜೇಬಿನವರು ಕೊನೆಗೂ ನ್ಯಾಯಾಲಯದ ಮೆಟ್ಟಿಲೇರಿದ್ದರು.

2013ರ ಆಗಸ್ಟ್ 12ರಂದು ನ್ಯಾಯಾಧೀಶೆ ಶೀರಾ ಶೈಂಡ್ಲಿನ್ ಕೊಟ್ಟ ತೀರ್ಪಿನ ಮೊದಲ ಪುಟಗಳಲ್ಲಿ ಅಂಕಿಗಳೇ ಮಾತಾಡುತ್ತವೆ. 2004ರ ಜನವರಿಯಿಂದ 2012ರ ಜೂನ್‌ವರೆಗೆ 44 ಲಕ್ಷ ತಡೆಗಳು. ತಡೆಯಲ್ಪಟ್ಟವರಲ್ಲಿ ಶೇ. 52 ಕಪ್ಪು ಜನರು, ಶೇ. 31 ಹಿಸ್ಪಾನಿಕರು, ಶೇ. 10 ಬಿಳಿಯರು, ನಗರದ ಜನಸಂಖ್ಯೆಯಲ್ಲಿ ಅವರ ಪಾಲು ಕ್ರಮವಾಗಿ ಶೇ. 23, 29 ಮತ್ತು 33. ತಡೆದವರಲ್ಲಿ ಶೇ. 88ರಷ್ಟು ಜನರ ಮೇಲೆ ಬಂಧನವಾಗಲಿ ಸಮನ್ಸ್ ಆಗಲಿ ಆಗಲಿಲ್ಲ. ಮೈ ತಡವಿದವರಲ್ಲಿ ಆಯುಧ ಸಿಕ್ಕಿದ್ದು ಶೇ. 1.5 ಜನರ ಬಳಿ. ಇನ್ನೂ ಕುತೂಹಲದ ಸಂಗತಿಯೆಂದರೆ, ಆಯುಧ ಸಿಕ್ಕ ಪ್ರಮಾಣ ಬಿಳಿಯರಲ್ಲಿ ಶೇ. 1.4, ಕಪ್ಪು ಜನರಲ್ಲಿ ಶೇ. 1. ಬಿಳಿಯನನ್ನು ತಡೆಯಲು ಪೊಲೀಸನಿಗೆ ಒಂದಿಷ್ಟಾದರೂ ಹೊಗೆ ಬೇಕಾಗಿತ್ತು. ಕಪ್ಪು ಮನುಷ್ಯನ ವಿಷಯದಲ್ಲಿ ಮೈಬಣ್ಣವನ್ನೇ ಹೊಗೆಯೆಂದು ಬಗೆದರು ಎಂದು ನಾವು ಈ ಅಂಕಿಗಳನ್ನು ಓದುತ್ತೇವೆ.

ನಗರದ ವಾದವನ್ನೂ ನ್ಯಾಯವಾಗಿ ಕೇಳಬೇಕು. ಅಪರಾಧದ ಶಂಕಿತರಲ್ಲಿ ಹೆಚ್ಚಿನವರು ಕಪ್ಪು ಜನರೆಂದು ದೂರುಗಳೇ ಹೇಳುತ್ತವೆ. ತಡೆಗಳು ಆ ಪ್ರಮಾಣದಲ್ಲೇ ಇವೆ. ಕೊಲೆಗೀಡಾಗುವವರಲ್ಲೂ ಹೆಚ್ಚಿನವರು ಕಪ್ಪು ಮತ್ತು ಹಿಸ್ಪಾನಿಕ್ ಬಡಾವಣೆಗಳ ಹುಡುಗರೇ. ಈ ಕ್ರಮದಿಂದ ಉಳಿಯುತ್ತಿರುವುದು ಅವರ ಜೀವವೇ ಎಂದಿತು ನಗರ. ಮಗನನ್ನು ಗುಂಡಿಗೆ ಕಳೆದುಕೊಂಡ ತಾಯಿಯ ಎದುರು ಈ ವಾದವನ್ನು ನಕ್ಕು ತಳ್ಳುವಂತಿಲ್ಲ. ಆದರೆ ಶೈಂಡ್ಲಿನ್ ಅವರ ಉತ್ತರ ತರ್ಕದ ಮೂಲಕ್ಕೇ ಕೈಹಾಕಿತು. ತಡೆದವರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮಂದಿ ನಿರಪರಾಧಿಗಳಾಗಿರುವಾಗ, ಅವರನ್ನು ಅಪರಾಧಿಗಳ ಗುಂಪಿನೊಂದಿಗೆ ಹೋಲಿಸಲು ಆಧಾರವೆಲ್ಲಿ? ಕೆಲವರ ಅಪರಾಧ ಅದೇ ಬಣ್ಣದ ಉಳಿದವರ ಮೇಲಿನ ಅನುಮಾನಕ್ಕೆ ಕಾರಣವಾಗದು. ನಮ್ಮ ತಾರ್ಕಿಕರ ಮಾತಿನಲ್ಲಿ ಇದು ಹೇತ್ವಾಭಾಸ.

ತೀರ್ಪು ತಡೆ-ತಪಾಸಣೆಯನ್ನು ನಿಷೇಧಿಸಲಿಲ್ಲ. ಅದು ನಡೆದ ರೀತಿ ನಾಲ್ಕನೆಯ ಮತ್ತು ಹದಿನಾಲ್ಕನೆಯ ತಿದ್ದುಪಡಿಗಳಿಗೆ ವಿರುದ್ಧವೆಂದು ಹೇಳಿ, ಸುಧಾರಣೆಗೆ ಮೇಲ್ವಿಚಾರಕರನ್ನು ನೇಮಿಸಿತು. 2013ರ ಅಕ್ಟೋಬರ್ 31ರಂದು, ಮೆಕ್‌ಫ್ಯಾಡನ್ ಯೂಕ್ಲಿಡ್ ಅವೆನ್ಯೂನಲ್ಲಿ ಕೈಯಿಟ್ಟು ಸರಿಯಾಗಿ ಐವತ್ತು ವರ್ಷ ತುಂಬಿದ ದಿನ, ಮೇಲ್ಮನವಿ ನ್ಯಾಯಾಲಯ ಆದೇಶಕ್ಕೆ ತಡೆ ನೀಡಿ ಶೈಂಡ್ಲಿನ್ ಅವರನ್ನು ಮೊಕದ್ದಮೆಯಿಂದ ಸರಿಸಿತು. ಆದರೆ ಮರುವರ್ಷ ಬಂದ ಹೊಸ ಮೇಯರ್ ಮೇಲ್ಮನವಿಯನ್ನೇ ಕೈಬಿಟ್ಟರು. 2015ರ ಹೊತ್ತಿಗೆ ದಾಖಲಾದ ತಡೆಗಳು 23,000ಕ್ಕೂ ಕಡಿಮೆಯಾದವು. ಕೊಲೆಗಳು 2011ರಲ್ಲಿ 515 ಇದ್ದದ್ದು 2017ರಲ್ಲಿ 292ಕ್ಕೆ ಇಳಿದವು. 2020ರ ನಂತರ ಅವು ಏರಿದ್ದು ನಿಜ. ಆ ಏರಿಕೆ ದೇಶದ ಉದ್ದಗಲಕ್ಕೂ ಕಂಡದ್ದು. ತಡೆಗಳಿಂದ ಏನೂ ಲಾಭವಾಗಲಿಲ್ಲವೆಂದು ಈ ಅಂಕಿಗಳು ಸಾಧಿಸುವುದಿಲ್ಲ. ಅಷ್ಟು ತಡೆಗಳಿಲ್ಲದೆ ನಗರ ಬದುಕಲಾರದು ಎಂಬ ಮಾತನ್ನು ಮಾತ್ರ ಸುಳ್ಳಾಗಿಸುತ್ತವೆ. 2019ರಲ್ಲಿ ಬ್ಲೂಮ್‌ಬರ್ಗ್ ಬ್ರೂಕ್ಲಿನ್‌ನ ಒಂದು ಕಪ್ಪು ಜನರ ಚರ್ಚಿನಲ್ಲಿ ನಿಂತು ಕ್ಷಮೆ ಕೇಳಿದರು.

ಈಗ ನಮ್ಮ ಮನೆಯ ಕಡೆ ತಿರುಗೋಣ. ಹುಟ್ಟಿದ ಜಾತಿಯನ್ನೇ ಅನುಮಾನದ ಪುರಾವೆಯೆಂದು ಶಾಸನ ಮಾಡಿದ ನೆಲ ನಮ್ಮದು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಉತ್ತರ ಭಾರತದಲ್ಲಿ ಮೊದಲಾಗಿ, 1911ರ ಕಾಯಿದೆಯ ಮೂಲಕ ಮುಂಬಯಿ ಮತ್ತು ಮದ್ರಾಸ್ ಪ್ರಾಂತಗಳಿಗೂ ಹಬ್ಬಿತು. ಪಟ್ಟಿಗೆ ಸೇರಿದ ಸಮುದಾಯದವರು ಹೆಬ್ಬೆಟ್ಟಿನ ಗುರುತು ಕೊಡಬೇಕು, ಹಾಜರಿ ಹಾಕಬೇಕು, ರಹದಾರಿಯಿಲ್ಲದೆ ಊರು ಬಿಡುವಂತಿಲ್ಲ. ಹುಬ್ಬಳ್ಳಿ, ಗದಗ, ವಿಜಾಪುರ, ಸೊಲ್ಲಾಪುರಗಳಲ್ಲಿ ತಂತಿಬೇಲಿಯ ವಸಾಹತುಗಳಿದ್ದವು. ಮುಂಬಯಿ, ಪುಣೆಗಳಿಂದ ಊರಿಗೆ ಹೋಗುವ ನಮ್ಮ ರೈಲುಗಳು ಇಂದೂ ಹಾದುಹೋಗುವ ಊರುಗಳಿವು. 1952ರ ಆಗಸ್ಟ್ 31ರಂದು ಕಾಯಿದೆ ರದ್ದಾಗಿ ಆ ಸಮುದಾಯಗಳು ವಿಮುಕ್ತವೆನಿಸಿದವು. ಆದರೆ ರೂಢಿಗತ ಅಪರಾಧಿಗಳ ಕಾಯಿದೆಗಳು ಅದರ ಜಾಗಕ್ಕೆ ಬಂದವು. ಠಾಣೆಯ ಕಡತಕ್ಕೆ ನೆನಪು ಗಟ್ಟಿ.

ನಮ್ಮ ನ್ಯಾಯಾಲಯಗಳು ಸುಮ್ಮನಿರಲಿಲ್ಲ. 1941ರ ದರೋಡೆಯೊಂದರಲ್ಲಿ ಸಾಕ್ಷ್ಯವಿಲ್ಲದೆ ಬಿಡುಗಡೆಯಾದರೂ ಪೊಲೀಸರ ಕಣ್ಗಾವಲಿಗೆ ಒಳಗಾಗಿದ್ದ ಖರಕ್ ಸಿಂಗ್ ಹೂಡಿದ ಮೊಕದ್ದಮೆಯಲ್ಲಿ, 1962ರಲ್ಲಿ, ನಡುರಾತ್ರಿ ಬಾಗಿಲು ತಟ್ಟುವ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯ ರದ್ದುಮಾಡಿತು. ಉಳಿದ ಕಣ್ಗಾವಲನ್ನು ಎತ್ತಿಹಿಡಿಯಿತು. ಇಡೀ ಕಣ್ಗಾವಲೇ ಸ್ವಾತಂತ್ರ್ಯಕ್ಕೆ ವಿರುದ್ಧವೆಂದ ನ್ಯಾಯಮೂರ್ತಿ ಸುಬ್ಬರಾವ್ ಅವರ ಭಿನ್ನಮತಕ್ಕೆ ಮನ್ನಣೆ ಸಿಕ್ಕಿದ್ದು 2017ರಲ್ಲಿ, ಖಾಸಗಿತನದ ಹಕ್ಕಿನ ತೀರ್ಪಿನಲ್ಲಿ. ಆ ತೀರ್ಪು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಹೆಸರಿನಿಂದ ಪ್ರಸಿದ್ಧ. ವಿಮುಕ್ತ ಬುಡಕಟ್ಟುಗಳವರನ್ನು ಮನಬಂದಂತೆ ಬಂಧಿಸದಂತೆ ಪೊಲೀಸರು ನೋಡಿಕೊಳ್ಳಬೇಕೆಂದು 2024ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೆ ಹೇಳಬೇಕಾಯಿತು. ರದ್ದಾದ ಕಾಯಿದೆಗೆ ಎಪ್ಪತ್ತೆರಡು ವರ್ಷ ತುಂಬಿದ ಮೇಲೂ ಈ ಮಾತನ್ನು ಹೇಳಬೇಕಾದುದೇ ನಮ್ಮ ಸ್ಥಿತಿಗೆ ಕನ್ನಡಿ.

ನ್ಯೂಯಾರ್ಕಿನ ಅನುಭವದಿಂದ ನಾವು ಪಡೆಯಬಹುದಾದ ಪಾಠ ಒಂದು ಸಾಮಾನ್ಯ ಕಾಗದದಲ್ಲಿದೆ. ಯಾವ ನಮೂನೆ ಪೊಲೀಸನ ಕೈಯಲ್ಲಿ ಸಿದ್ಧ ಕಾರಣಗಳ ಪೆಟ್ಟಿಗೆಯಾಗಿತ್ತೋ ಅದೇ ನಮೂನೆ ನ್ಯಾಯಾಲಯದಲ್ಲಿ ಅವನ ವಿರುದ್ಧ ಸಾಕ್ಷಿ ನುಡಿಯಿತು. 44 ಲಕ್ಷ ಹಾಳೆಗಳಿಲ್ಲದೆ ಶೈಂಡ್ಲಿನ್ ಅವರ ತೀರ್ಪಿಲ್ಲ. ಬೀದಿಯಲ್ಲಿ ತಡೆಯಲ್ಪಟ್ಟವರ ಲೆಕ್ಕವನ್ನು ಹಾಗೆ ಬರೆದಿಡುವ ರೂಢಿ ನಮ್ಮಲ್ಲಿಲ್ಲ. ಕೊರಳಲ್ಲಿ ಸರ್ಕಾರಿ ಗುರುತಿನ ಚೀಟಿ ತೂಗುಹಾಕಿಕೊಂಡ ನಮ್ಮನ್ನು ರೈಲು ನಿಲ್ದಾಣದಲ್ಲಿ ಯಾರೂ ನಿಲ್ಲಿಸುವುದಿಲ್ಲ. ನಮ್ಮ ಪಕ್ಕದಲ್ಲೇ ನಡೆಯುವ, ಗಂಟುಮೂಟೆ ಹೊತ್ತ ಕುಟುಂಬವನ್ನು ನಿಲ್ಲಿಸುತ್ತಾರೆ. ಗಂಟು ಬಿಚ್ಚಿಸುತ್ತಾರೆ, ಊರು ಕೇಳುತ್ತಾರೆ, ಏನೂ ಸಿಗದಾಗ ಹೋಗಿ ಎನ್ನುತ್ತಾರೆ. ಅವರು ಗಂಟನ್ನು ಮತ್ತೆ ಕಟ್ಟಿಕೊಳ್ಳುವಷ್ಟರಲ್ಲಿ ರೈಲು ಹೊರಟಿರುತ್ತದೆ. ಆ ತಡೆ ಯಾವ ಪುಸ್ತಕದಲ್ಲೂ ಏರುವುದಿಲ್ಲ. ಬೆಂಕಿಯಿಲ್ಲದ ಬೆಟ್ಟವನ್ನು ಎಷ್ಟು ಸಲ ಶೋಧಿಸಿದೆವೆಂದು ಎಣಿಸದ ರಾಜ್ಯಕ್ಕೆ ತನ್ನ ಅನುಮಾನ ಸುಳ್ಳೆಂದು ತಿಳಿಯುವ ಬಗೆಯೇ ಇರದು. ತಡೆದವನ ಹೆಸರು, ಹೊತ್ತು, ಕಾರಣ ಬರೆದ ಒಂದು ಚೀಟಿಯನ್ನು ತಡೆಯಲ್ಪಟ್ಟವನ ಕೈಗೆ ಕೊಡುವ ನಿಯಮ ಬರಲಿ. ರಹದಾರಿ ಕೇಳುವ ಅಧಿಕಾರವಿದ್ದವನು ರಸೀದಿ ಕೊಡುವುದನ್ನೂ ಕಲಿಯಲಿ.